ಒಳ್ಳೆಯ ಭಾವ ಕಟ್ಟಿಸಿದ ಮೆಟ್ಟಿಲು

ನನ್ನ ಭಾವನನ್ನು ಕೆಟ್ಟವರು ಎನ್ನುವವರು ಯಾರೂ ಇಲ್ಲ, ನನ್ನೊಬ್ಬಳನ್ನು ಬಿಟ್ಟರೆ. ಹಾಲಿನವನಿಗೆ, ಪೇಪರಿನವನಿಗೆ, ಎದುರು ಮನೆಯ ನಾಯಿಗೆ ಅವರು ದೇವರಂಥ ಮನುಷ್ಯ. ದೇವರೂ ಹಾಗೇ ಅಲ್ಲವೇ, ಯಾರು ಏನು ಮಾಡಿದರೂ ಬಾಯಿ ಬಿಡುವುದಿಲ್ಲ.

ನೀರು ಸರಬರಾಜು ಕಚೇರಿಯಲ್ಲಿ ದೂರು ತೆಗೆದುಕೊಳ್ಳುವ ಕಿಟಕಿಯ ಹಿಂದೆ ಕೂತು ನಿವೃತ್ತರಾದವರು ಅವರು. ಜನ್ಮವಿಡೀ ಊರವರ ದೂರು ಕೇಳಿದ ಮನುಷ್ಯ ತಾನಾಗಿ ಒಂದು ದೂರು ಹೇಳಿದವರಲ್ಲ. ದರ್ಜಿ ಅಂಗಿಯ ಒಂದು ತೋಳು ಗಿಡ್ಡ ಹೊಲಿದರೆ ಎರಡೂ ತೋಳು ಮಡಚಿಕೊಂಡು ತಿರುಗಿದರು. ಕ್ಷೌರದವನು ಕಿವಿಗೆ ಕತ್ತರಿ ತಾಗಿಸಿದರೆ, "ಪರವಾಗಿಲ್ಲ, ನಾನೇ ಅಲುಗಾಡಿದೆ" ಎಂದು ಅವನಿಗೇ ಸಮಾಧಾನ ಹೇಳಿ ಬಂದರು. ಯಾರಾದರೂ ರೇಗಿದರೆ, "ಸಂಬಂಧ ಕೆಡಬಾರದಮ್ಮ" ಎನ್ನುವ ಒಂದೇ ಮಂತ್ರ. ಮನೆಗೆ ಮಾರಿ, ಊರಿಗೆ ಉಪಕಾರಿ ಎಂಬ ಗಾದೆ ಇಂಥವರನ್ನು ನೋಡಿಯೇ ಹುಟ್ಟಿರಬೇಕು.

ಅಕ್ಕ ಇದಕ್ಕೆ ತದ್ವಿರುದ್ಧ. ಶಾಲೆಯಲ್ಲಿ ಆಟದ ಟೀಚರ್ ಆಗಿದ್ದವಳು, ಅವಳು ಒಂದು ಸೀಟಿ ಊದಿದರೆ ಇಡೀ ಮೈದಾನ ಗಪ್‌ಚುಪ್. ಅಂಥವಳಿಗೆ ಎರಡೂ ಮಂಡಿ ಕೈಕೊಟ್ಟವು. ಮಹಡಿಯ ಬಾಡಿಗೆ ಮನೆಯಿಂದ ಅವಳು ಕೆಳಗಿಳಿಯುತ್ತಿದ್ದುದು ಡಾಕ್ಟರ ಹತ್ತಿರ ಹೋಗಲು ಮಾತ್ರ. ಅಲ್ಲಿನ ಬಚ್ಚಲಿಗೆ ಎತ್ತರದ ಮೆಟ್ಟಿಲಿತ್ತು. ಪ್ರತಿ ಸಲವೂ ಭಾವನನ್ನು ಕೂಗಿ, ಅವರ ಹೆಗಲು ಹಿಡಿದು ಹತ್ತಬೇಕು. "ಬಚ್ಚಲಿಗೆ ಹೋಗೋಕೂ ಇನ್ನೊಬ್ಬರನ್ನ ಕರೀಬೇಕಲ್ಲೇ, ಇದೂ ಒಂದು ಬಾಳಾ?" ಎಂದು ಒಮ್ಮೆ ನನ್ನ ಮುಂದೆ ಅತ್ತಳು. ಅವಳು ಅತ್ತದ್ದನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ.

ಅದಕ್ಕೇ ಸ್ವಂತ ಮನೆ ಕಟ್ಟಿಸುವುದು ಎಂದಾಯಿತು. ಅಕ್ಕ ಕೇಳಿದ್ದು ಒಂದೇ. ಗೇಟಿನಿಂದ ಬಚ್ಚಲವರೆಗೆ ಒಂದೂ ಮೆಟ್ಟಿಲಿರಕೂಡದು. ಮಿಕ್ಕಿದ್ದು ಹೇಗಾದರೂ ಇರಲಿ, ಗೋಡೆಗೆ ಸಗಣಿ ಬಣ್ಣ ಬಳಿದರೂ ಸರಿ ಎಂದಳು.

ಹಳೆಯ ಸಹೋದ್ಯೋಗಿ ಯಾರೋ ಭಾವನ ಕಿವಿಯಲ್ಲಿ ಊದಿದ್ದ: ಕಂಟ್ರಾಕ್ಟರ್ ಜೊತೆ ಚೆನ್ನಾಗಿದ್ದರೆ ಮನೆಯೂ ಚೆನ್ನಾಗಿ ಬರುತ್ತದೆ. ಸಾಕಲ್ಲ! ಅಂದಿನಿಂದ ಭಾವ ಮನೆ ಕಟ್ಟಿಸುವುದನ್ನು ಬಿಟ್ಟು ಸಂಬಂಧ ಕಟ್ಟಲು ಕೂತರು. ಕಂಟ್ರಾಕ್ಟರ್ ನಾಲಿಗೆಗೆ ಬೆಣ್ಣೆ ಸವರಿಕೊಂಡ ಆಸಾಮಿ. ಇವರೋ ಅವನು ಬಾಯಿ ತೆರೆಯುವ ಮೊದಲೇ ಕೋಲೆಬಸವನ ಹಾಗೆ ತಲೆಯಾಡಿಸುವವರು. ಫ್ಲಾಸ್ಕಿನಲ್ಲಿ ಟೀ ಹೊತ್ತುಕೊಂಡು ಹೋಗುವುದೇನು, ಬಿಸಿಲಿಗೆ ಅವನ ತಲೆಯ ಮೇಲೆ ಛತ್ರಿ ಹಿಡಿಯುವುದೇನು! ಅವನ ಅತ್ತೆ ಆಸ್ಪತ್ರೆಯಲ್ಲಿದ್ದಾಗ ಹಣ್ಣಿನ ಚೀಲ ಹಿಡಿದು ಹೋಗಿ ಮಂಚದ ಪಕ್ಕ ಕೂತು ಬಂದರು. ಆ ದಿನ ಅಕ್ಕನ ಮಾತ್ರೆ ಮುಗಿದಿತ್ತು, ತರಲು ಮರೆತುಬಂದರು. ನನಗೆ ಮೈಯೆಲ್ಲಾ ಉರಿದುಹೋಯಿತು.

ಕೆಲಸದವರು ಅಡುಗೆಮನೆಯ ಕಿಟಕಿಯನ್ನು ಪಕ್ಕದ ಮನೆಯ ಗೋಡೆಗೆ ಮುಖ ಮಾಡಿ ಇಟ್ಟರು. "ಒಳ್ಳೇದೇ ಆಯ್ತು, ತಂಪಾಗಿರುತ್ತೆ" ಎಂದರು ಭಾವ. ಅಕ್ಕನಿಗೆ ಆ ಕಲ್ಲು ಮಣ್ಣಿನಲ್ಲಿ ನಡೆದು ನೋಡಲಾಗದು. ನಾನಿರುವುದು ಬೇರೆ ಊರಿನಲ್ಲಿ. ಭಾವ ಫೋನಿನಲ್ಲಿ ಫೋಟೋ ತೆಗೆದು ತೋರಿಸುವರು. ಬಚ್ಚಲಿನ ಟೈಲ್ಸ್ ಕಂಡಿತು, ನಲ್ಲಿ ಕಂಡಿತು, ಫಳಫಳ ಹೊಳೆಯುವ ಕನ್ನಡಿಯೂ ಕಂಡಿತು. ಬಾಗಿಲ ಕೆಳಗಿನದು ಮಾತ್ರ ಯಾವ ಫೋಟೋದಲ್ಲೂ ಇರಲಿಲ್ಲ.

ಸಾಮಾನು ಸಾಗಿಸಿದ ದಿನ ನಾನೂ ಹೋದೆ. ಅಕ್ಕ ಯಾರ ಕೈಯನ್ನೂ ಹಿಡಿಯಲಿಲ್ಲ. ಕೋಲೂರಿಕೊಂಡು ಗೇಟು ದಾಟಿದಳು, ಹಾಲ್ ದಾಟಿದಳು, ತನ್ನ ಕೋಣೆ ದಾಟಿದಳು. ಮುಖ ಅರಳಿತ್ತು. ಬಚ್ಚಲ ಬಾಗಿಲು ತೆರೆದು ನಿಂತವಳು ನಿಂತೇ ಬಿಟ್ಟಳು. ಕಾಲ ಮುಂದೆ ಹಳೆಯ ಮನೆಯದಕ್ಕಿಂತ ಎತ್ತರದ ಮೆಟ್ಟಿಲು, ಅದಕ್ಕೊಂದು ಹೂವಿನ ಟೈಲ್ಸ್ ಬೇರೆ.

"ಸ್ವಲ್ಪಾನೇ ಇರೋದು," ಎಂದರು ಭಾವ ಹಿಂದಿನಿಂದ. "ನಾನಿದ್ದೀನಲ್ಲ, ಹಿಡ್ಕೋತೀನಿ."

ನನಗೆ ತಡೆಯಲಾಗಲಿಲ್ಲ. "ಥೂ, ನಿಮ್ಮ ಒಳ್ಳೆತನಕ್ಕಿಷ್ಟು ಬೆಂಕಿ ಹಾಕ! ಅವಳು ಕೇಳಿದ್ದು ಒಂದು, ಅದನ್ನೇ ಮುಳುಗಿಸಿದ್ರಲ್ಲ ಭಾವ!"

ಅಷ್ಟರಲ್ಲಿ ಕಂಟ್ರಾಕ್ಟರ್ ಉಡುಗೊರೆಯ ಗಡಿಯಾರ ಹಿಡಿದು ನಗುತ್ತಾ ಬಂದ. ನಮ್ಮ ಮುಖ ನೋಡಿ ನಗು ಇಳಿಯಿತು.

"ಮೇಡಂ, ಹೊರಗಿನ ಡ್ರೈನೇಜ್ ಗುಂಡಿ ನಮ್ಮ ಕೆಲಸದವರ ತಪ್ಪಿಂದ ಮೇಲಕ್ಕಾಗಿತ್ತು, ಬಚ್ಚಲ ನೀರು ಹರಿದು ಹೋಗ್ತಿರ್ಲಿಲ್ಲ," ಎಂದ. "ಗುಂಡಿ ಆಳ ಮಾಡ್ಲಾ, ಇಲ್ಲ ಬಚ್ಚಲ ನೆಲ ಏರಿಸ್ಲಾ ಅಂತ ಸಾರ್‌ನ ಕೇಳ್ದೆ. ಬೇಡ ಅಂತ ಒಂದು ಮಾತು ಅಂದಿದ್ರೆ ಆವತ್ತೇ ಗುಂಡಿ ತೋಡಿಸ್ತಿದ್ದೆ. ನಿಮಗೆ ಹೇಗೆ ಅನುಕೂಲವೋ ಹಾಗೆ ಮಾಡಿ ಅಂತ ಬೆನ್ನು ತಟ್ಟಿ ಟೀ ಕೊಟ್ರು."

ಕೇಳಿದಿರಾ? ಆ ಬೆಣ್ಣೆ ನಾಲಿಗೆಯವನೂ ಕೇಳಿದ್ದ. ಇವರ ಬಾಯಿಂದ ಒಂದು 'ಬೇಡ' ಹೊರಡಲಿಲ್ಲ.

"ಈಗ ಒಡೆಯೋಕಾಗುತ್ತಾ?" ಎಂದಳು ಅಕ್ಕ.

"ಆಗುತ್ತೆ ಮೇಡಂ. ನಾಳೆನೇ ಶುರು ಮಾಡಿಸ್ತೀನಿ."

"ಅಯ್ಯೋ ಬೇಡ ಬೇಡ," ಭಾವ ಕೈಯಾಡಿಸಿದರು. "ಪಾಪ, ಅಷ್ಟು ಚೆನ್ನಾಗಿ ಟೈಲ್ಸ್ ಹಾಕಿದ್ದಾರೆ. ಕೆಲಸದವರಿಗೆ ಬೇಜಾರಾಗುತ್ತೆ ಕಣೇ."

ಅಕ್ಕ ಕೋಲೂರಿ ನಿಧಾನವಾಗಿ ತಿರುಗಿದಳು. "ರೀ, ದರ್ಜಿಗೆ ಬೇಜಾರಾಗುತ್ತೆ ಅಂತ ನಿಮಗೆ ಗೊತ್ತಾಗುತ್ತೆ. ಕ್ಷೌರದವನಿಗೆ ಆಗುತ್ತೆ, ಇವರ ಅತ್ತೆಗೂ ಆಗುತ್ತೆ. ನನಗೂ ಬೇಜಾರಾಗುತ್ತೆ ಅಂತ ಒಂದು ದಿನವಾದ್ರೂ ಅನ್ನಿಸ್ತಾ?"

ಭಾವ ಕಂಟ್ರಾಕ್ಟರನ ಮುಖ ನೋಡಿದರು. ಉತ್ತರವನ್ನೂ ಅವನೇ ಕೊಡಬೇಕಿತ್ತೇನೋ! ಅವನು ಗಡಿಯಾರವನ್ನು ಮೇಜಿನ ಮೇಲಿಟ್ಟು ಗುಂಡಿ ನೋಡಲು ಹೊರಗೆ ಹೋದ.

ಆ ಸಂಜೆಯೇ ಅಕ್ಕನನ್ನು ನಮ್ಮ ಮನೆಗೆ ಕರೆದುಕೊಂಡು ಬಂದೆ. ಕೆಲಸ ಮುಗಿದಾಗ ಫೋನ್ ಮಾಡಿದವನು ಕಂಟ್ರಾಕ್ಟರ್. ಭಾವನಿಗೆ ಅಷ್ಟೂ ಧೈರ್ಯ ಸಾಲಲಿಲ್ಲ.

ವಾಪಸು ಹೋದೆವು. ಕೋಣೆಯ ನೆಲ ಬಚ್ಚಲ ಒಳಗಿನವರೆಗೂ ಸಮವಾಗಿ ಹರಿದಿತ್ತು. ಹೂವಿನ ಟೈಲ್ಸ್ ಇರಲಿಲ್ಲ. ಅಕ್ಕ ಕೋಲೂರಿಕೊಂಡು ತಾನೇ ಒಳಗೆ ಹೋಗಿ ಚಿಲಕ ಹಾಕಿಕೊಂಡಳು. ನಾನು ಕಣ್ಣೊರೆಸಿಕೊಂಡೆ. ಭಾವ ಓಡಿಬಂದು ಬಾಗಿಲಿಗೆ ಬಾಯಿ ಹಚ್ಚಿ, "ಸರಿಯಾಗಿದೆಯೇನೇ? ನಾನು ಇಲ್ಲೇ ಇದ್ದೀನಿ" ಎಂದರು.

"ನಿಮ್ಮನ್ನ ಯಾರು ಕರೆದ್ರು?" ಎಂದಳು ಅಕ್ಕ ಒಳಗಿನಿಂದ.