ಮಗ್ಗ ನಿಂತ ಮೇಲಿನ ದನಿ

ಗಾಮಾ ಕಿರಣಗಳ ಸ್ಫೋಟವನ್ನು ನಾನು ನೋಡಿಲ್ಲ. ದೂರದರ್ಶಕ ಅತ್ತ ತಿರುಗುವಷ್ಟರಲ್ಲಿ ಸಾಮಾನ್ಯವಾಗಿ ಅದು ಮುಗಿದಿರುತ್ತದೆ. ಕೊಲ್ಹಾಪುರದ ಬಾಡಿಗೆ ಕೋಣೆಯಲ್ಲಿ ಕೂತು ನಾನು ಅಳೆಯುವುದು ಅದರ ಬೆನ್ನಿಗೆ ಉಳಿದು ಆರುತ್ತ ಹೋಗುವ ಬೆಳಕನ್ನು. ನಿಧಾನ ಇಳಿಯುತ್ತಿದ್ದ ಆ ಬೆಳಕು ಒಮ್ಮೆ ಕಡಿದಾಗಿ ಕುಸಿದರೆ, ಸ್ಫೋಟ ಎಲ್ಲ ದಿಕ್ಕಿಗೂ ಚೆಲ್ಲಿದ್ದಲ್ಲ, ಕಿರಿದಾದ ಧಾರೆಯಾಗಿ ನಮ್ಮತ್ತಲೇ ಬಂದದ್ದು ಎಂದು ಗೊತ್ತಾಗುತ್ತದೆ. ಅಂದುಕೊಂಡಷ್ಟು ದೊಡ್ಡದೂ ಅಲ್ಲ ಎಂದು.

ಇಚಲಕರಂಜಿಯಲ್ಲಿ ಅಣ್ಣನ ಮಗ್ಗದ ಶೆಡ್ಡಿಗೆ ನನ್ನ ಮದುವೆಯ ಕಾರ್ಡು ಹಿಡಿದು ಹೋದೆ. ಹುಡುಗನನ್ನು ನಾನೇ ಆರಿಸಿದ್ದೆ. ಅಣ್ಣ ಬರದಿದ್ದರೆ ಗಡಹಿಂಗ್ಲಜದ ಹತ್ತಿರದ ನಮ್ಮೂರು ನೂಲದಿಂದ ಅವ್ವನೂ ಬರುವುದಿಲ್ಲ. ಆ ದಿನ ಮಳೆಯಿತ್ತೆಂದು ಗೆಳತಿಗೆ ಹೇಳಿದ್ದೇನೆ. ಸುಳ್ಳು. ಬಿಸಿಲಿತ್ತು. ನೆನಪಿಗೆ ಮಳೆ ಬೇಕಾಗಿತ್ತು, ಅಷ್ಟೆ.

“ಬಂದಳ್ ನೋಡ್ರಿ ಚುಕ್ಕಿ ಎಣಸಾಕಿ!” ಮಗ್ಗಗಳ ಸದ್ದಿನ ಮೇಲೆ ಅಣ್ಣ ಒದರಿದ. “ಹುಡುಗನ್ನೂ ದುರ್ಬೀನ್ ಹಚ್ಚೇ ಹುಡುಕಿದ್ಯೇನ?”

ಕೆಲಸದವರು ನಕ್ಕರು. ಅವನ ಹೆಂಡತಿ, ನನ್ನ ವೈನಿ, ಕಿವಿಗೆ ಬಾಯಿ ಹಚ್ಚಿ, “ಮನಸಿಗೆ ಹಚ್ಕೋಬ್ಯಾಡ. ಶೆಡ್ಡಿನ ದನಿ ಅದು. ದೇವರ ಮುಂದೂ ಹಂಗ ಒದರ್ತಾರ” ಎಂದಳು. ಮನೆಯವರೆಲ್ಲ ಸದಾ ಹೇಳುತ್ತಿದ್ದದ್ದು ಇದನ್ನೇ. ನಾನೂ ನಂಬಿದ್ದೆ.

ಅಣ್ಣ ಎಳೆ ಹರಿದುಕೊಂಡ ಕೆಲಸದವನನ್ನು ಬೈದ, ಚಹಾ ತಡವಾಯಿತೆಂದು ವೈನಿಯನ್ನು ಬೈದ, ನನ್ನತ್ತ ತಿರುಗಿದ. “ನಮ್ಮ ಮನಿತನದಾಗ ಯಾರರ ಹಿಂಗ—”

ಕರೆಂಟು ಹೋಯಿತು.

“ಲೈಟ್ ಗೇಲಿ, ಶೇಟ್!” ಯಾರೋ ಮರಾಠಿಯಲ್ಲಿ ಕೂಗಿದ. ಮಗ್ಗ ನಿಂತರೂ ಶೆಡ್ಡಿನವರ ಗಂಟಲು ತಟ್ಟನೆ ನಿಲ್ಲುವುದಿಲ್ಲ, ಒದರುತ್ತಲೇ ಮೆಲ್ಲಗೆ ಇಳಿಯುತ್ತದೆ. ಅಣ್ಣನದೂ ಇಳಿಯಿತು. ಎಳೆ ಹರಿದವನಿಗೆ, “ಹೋಗೋ ಮಂಗ್ಯಾ, ಚಹಾ ಕುಡಿ” ಎಂದ. ವೈನಿಗೆ ಇನ್ನೂ ಮೆತ್ತಗೆ, “ಸಕ್ಕರಿ ಕಮ್ಮಿ ಹಾಕು” ಎಂದ. ನನ್ನ ಪಾಲಿಗೆ ಮಾತ್ರ ಇಳಿಯುವ ದನಿ ಇರಲಿಲ್ಲ. ಮಾತು ಇದ್ದಲ್ಲೇ ಕಡಿದುಬಿದ್ದಿತ್ತು.

“ಬರ್ತೀಯೇನ್ ಅಣ್ಣಾ?” ಎಂದು ಕಾರ್ಡನ್ನು ದಾರದ ಬಾಬಿನ್ನುಗಳ ಮೇಲಿಟ್ಟೆ.

ಅವನು ಮಗ್ಗದ ಮೇಲಿನ ಹತ್ತಿಧೂಳು ಒರೆಸತೊಡಗಿದ. ಕರೆಂಟು ಬಂತು. ಆಮೇಲೆ ಬೆನ್ನು ತಿರುಗಿಸಿಯೇ ಒದರಿದ: “ಇಟ್ಟು ನಡಿ ಅಲ್ಲೆ!”

ಬಾಬಿನ್ನುಗಳ ಮೇಲಿಟ್ಟಿದ್ದ ಕಾರ್ಡನ್ನು ವಾಪಸು ತೆಗೆದುಕೊಂಡೆ. ಬಾಗಿಲವರೆಗೆ ಬಂದ ವೈನಿ, “ಅವರ ದನೀನ ಹಂಗವಾ” ಎಂದಳು.

“ಅಲ್ಲ ವೈನಿ. ಮಗ್ಗ ನಿಂತಾಗ ಕೇಳಿದ್ನಿ. ಅದು ಎಲ್ಲಾರಿಗೂ ಅಲ್ಲ, ನನಗಷ್ಟ.”

ಇಷ್ಟು ದಿನ ಅವನ ಸಿಟ್ಟು ಲೋಕದಷ್ಟು ದೊಡ್ಡದೆಂದು ಹೆದರಿದ್ದೆ. ಕಿರಿದಾದದ್ದಕ್ಕೆ ಯಾಕೆ ಹೆದರಬೇಕು? ಅವನನ್ನು ಬಿಟ್ಟು ಅವ್ವನನ್ನೇ ಕೇಳೋಣವೆಂದು ಗಡಹಿಂಗ್ಲಜದ ಬಸ್ಸು ಹತ್ತಿದೆ.