ಮಾಳಿಗೆಯಿಂದ ಕಂಡ ಸೊಪ್ಪಿನ ಮಡಿ

ನಮ್ಮ ಕೃಷಿ ಕಚೇರಿ ಇರುವುದು ಪೇಟೆಯ ನಟ್ಟನಡುವೆ, ಒಂದು ಜಿಮ್ಮಿನ ಕೆಳಗೆ. ಮೇಲಿನವರು ಭಾರ ಕೆಳಗಿಟ್ಟಾಗಲೆಲ್ಲ ನಮ್ಮ ಫ್ಯಾನು ನಡುಗುತ್ತದೆ. "ಇಲ್ಲಿ ರೈತರೆಲ್ಲಿ ಉಳಿದಿದ್ದಾರ್ರೀ? ಇರೋದೆಲ್ಲ ಪಾರ್ಕಿಂಗು," ಎನ್ನುತ್ತಿದ್ದರು ಸಾಹೇಬರು. ಸಣ್ಣ ರೈತರ ನೆರವಿನ ವಿಭಾಗವನ್ನೇ ಮುಚ್ಚುವ ಮಾತು ನಡೆದಿತ್ತು. ವಿಭಾಗವೆಂದರೆ ನನ್ನ ಪಕ್ಕದ ಮೇಜು, ಅದರ ಹಿಂದೆ ಕೂರುವ ಒಬ್ಬಾಕೆ. ಎಲ್ಲರ ಬಾಯಲ್ಲೂ ಅವರು ಸಬ್ಸಿಡಿ ಮೇಡಂ.

ಮೇಡಂ ವಾದಕ್ಕಿಳಿಯುವವರಲ್ಲ. ಸ್ಕೂಟರ್ ಹತ್ತಿ ಹೊರಟರು. ಎತ್ತರದ ಕಟ್ಟಡ ಕಂಡಲ್ಲೆಲ್ಲ ಕಾವಲಿನವರನ್ನು ಪುಸಲಾಯಿಸಿ ಮಾಳಿಗೆ ಹತ್ತುವುದು, ನೀರಿನ ಟ್ಯಾಂಕಿಗೆ ಒರಗಿ ಕೆಳಗೆಲ್ಲಾದರೂ ಹಸಿರಿದೆಯೇ ಎಂದು ಹುಡುಕುವುದು. ಹಾಗೆ ಕಣ್ಣಿಗೆ ಬಿದ್ದದ್ದು ಟೈರ್ ಗೋದಾಮಿನ ಹಿಂದಿನ ಸೊಪ್ಪಿನ ಮಡಿ.

ಅಲ್ಲಿಗೆ ಹೋದರೆ, ಸೊಪ್ಪು ಬೆಳೆಯುವ ಅಜ್ಜಿ ಇವರ ಕೈಯ ಫೈಲು ಕಂಡದ್ದೇ ತಡ, ನೀರಿನ ಪೈಪನ್ನು ಇವರತ್ತ ತಿರುಗಿಸಿಬಿಟ್ಟರು. "ಮತ್ತೆ ರಸ್ತೆಗೆ ಅಂತ ಜಾಗ ಅಳೆಯೋಕೆ ಬಂದ್ರಾ? ನಡೀರಿ ಆಚೆ!"

ತೊಯ್ದು ತೊಪ್ಪೆಯಾದ ಮೇಡಂ ಮುಖ ಒರೆಸಿಕೊಂಡು, "ಅಜ್ಜಿ, ನಿಮ್ಮ ಬೋರಲ್ಲಿ ನೀರು ಇಷ್ಟು ಜೋರಾಗಿ ಬರುತ್ತಾ? ಹಾಗಾದ್ರೆ ಹನಿ ನೀರಾವರಿ ಹಾಕಿಸಿಕೊಡಬಹುದಲ್ಲ!" ಎಂದರಂತೆ. ಅಜ್ಜಿಗೆ ನಗು ತಡೆಯಲಾಗಲಿಲ್ಲ. ಟವೆಲ್ಲು ಬಂತು, ಅದರ ಹಿಂದೆಯೇ ಟೀ.

ತೊಡಕು ಇದ್ದದ್ದು ಬೇರೆ ಕಡೆ. ಅಜ್ಜಿಯ ಪಾಲು ಯೋಜನೆಗೆ ಸಾಲುವಷ್ಟಿರಲಿಲ್ಲ. ತಗಡಿನ ಬೇಲಿಯಾಚೆ ಅವರ ತಮ್ಮನ ಪಾಲು ಪಾಳು ಬಿದ್ದಿತ್ತು. ಜಂಟಿಯಾಗಿ ಕೇಳಿದರೆ ನೆರವು ಸಿಗುತ್ತಿತ್ತು. ಆದರೆ ಆಸ್ತಿ ಪಾಲಾದಂದಿನಿಂದ ಇಬ್ಬರ ನಡುವೆ ಮಾತಿಲ್ಲ ಕತೆಯಿಲ್ಲ.

ತಮ್ಮನದು ಮಿಕ್ಸಿ ರಿಪೇರಿ ಅಂಗಡಿ. ಮೇಡಂ ಹೋದಾಗ ಅವರು ತಲೆಯೆತ್ತದೆಯೇ, "ಅವಳ ಸುದ್ದಿ ನನ್ನ ಹತ್ರ ಎತ್ತಬೇಡಿ," ಎಂದರು.

"ಆಯ್ತು. ನಿಮ್ಮ ಜಾಗಾನ ಮೇಲಿಂದ ಒಂದ್ಸಲ ನೋಡಿ. ಆಮೇಲೂ ಬೇಡ ಅಂದ್ರೆ ನಾನು ಈ ಕಡೆ ತಲೆನೂ ಹಾಕಲ್ಲ."

ಒಲ್ಲದ ಮನಸ್ಸಿನಿಂದ ಮಾಳಿಗೆ ಹತ್ತಿದವರು ತಮ್ಮ ಜಾಗ ನೋಡಲೇ ಇಲ್ಲ. ಕೆಳಗೆ ಅಜ್ಜಿ ಒಬ್ಬರೇ ಪೈಪು ಎಳೆಯುತ್ತಿದ್ದರು. ಸ್ವಲ್ಪ ಎಳೆದು ಸೊಂಟ ಹಿಡಿದು ನಿಲ್ಲುವುದು, ಮತ್ತೆ ಎಳೆಯುವುದು.

"ಅಕ್ಕನ ಬೆನ್ನು ಇಷ್ಟೊಂದು ಬಾಗಿಹೋಗಿದ್ಯಾ?" ಎಂದರು ತಮ್ಮ.

ಮರುದಿನ ಬೆಳಿಗ್ಗೆ ಅವರು ಸ್ಪ್ಯಾನರ್ ಹಿಡಿದು ಬಂದು ತಗಡು ಬಿಚ್ಚತೊಡಗಿದರು. ಅಜ್ಜಿ ದೂರದಿಂದಲೇ, "ಆ ನಟ್ಟು ಬೋಲ್ಟು ಮಡಿಯೊಳಗೆ ಬೀಳಿಸ್ಬೇಡ ಕಣೋ," ಎಂದು ಗದರಿದರು. ಅಷ್ಟು ವರ್ಷಗಳ ಮೇಲೆ ಆಡಿದ ಮೊದಲ ಮಾತು ಅದು.

ಹನಿ ನೀರಿನ ಪೈಪು ಬಂತು, ನೆರಳಿನ ಬಲೆ ಬಂತು. ಖುದ್ದು ನೋಡಲು ಹೋದ ಸಾಹೇಬರು ವಿಭಾಗ ಮುಚ್ಚುವ ಮಾತು ಬಿಟ್ಟರು. ಅಷ್ಟರಲ್ಲಿ ಮೇಡಂ ಕಾಲುವೆ ಬದಿಯಲ್ಲಿ ಹೂ ಬೆಳೆಯುವವನನ್ನೂ ಬಸ್ ಡಿಪೋ ಹಿಂದೆ ಬದನೆ ಬೆಳೆಯುವ ಗಂಡಹೆಂಡತಿಯನ್ನೂ ಪತ್ತೆಹಚ್ಚಿದ್ದರು. ರೈತರು ಬರಲೆಂದು ಕಾಯದೆ ರೈತರನ್ನೇ ಹುಡುಕಿಕೊಂಡು ಹೋದ ಇಂಥ ಇನ್ನೊಬ್ಬರನ್ನು ನನ್ನ ಸರ್ವೀಸಿನಲ್ಲೇ ಕಂಡಿಲ್ಲ.

ಅಕ್ಕ-ತಮ್ಮ ಈಗಲೂ ಕಚ್ಚಾಡುತ್ತಾರೆ, ಪಾಲಕ್ ಹಾಕುವುದೋ ಮೆಂತ್ಯವೋ ಎಂದು. ಮೊನ್ನೆ ನಾವು ಹೋದಾಗ ಇಬ್ಬರೂ ಮೇಡಂ ಅವರನ್ನೇ ನ್ಯಾಯ ಹೇಳಲು ಕೂರಿಸಿದರು. ಅವರು ಕೈಮುಗಿದು, "ಇದಕ್ಕೆ ಮಾತ್ರ ಸರ್ಕಾರದ ಹತ್ರ ಯಾವ ಯೋಜನೆನೂ ಇಲ್ಲ ಅಜ್ಜಿ," ಎಂದು ಸೆರಗು ಸಿಕ್ಕಿಸಿ ಕಳೆ ಕೀಳಲು ಕೂತರು.