ಕಮಲಾಬಾಯಿಯ ಎದೆಬಡಿತ

ಗದಗಿನ ಗುಡಿ ಓಣಿಯಲ್ಲಿ ಕಮಲಾಬಾಯಿಯ ದನಿ ಕೇಳಿಸದ ಮನೆಯೇ ಇರಲಿಲ್ಲ. ಹಾಲಿಗೆ ನೀರು ಬೆರೆಸಿದ್ದಕ್ಕೆ ಹಾಲಿನವನನ್ನು ಬೈದರೆ, ಹಿಂದೆ ನಿಂತ ಹೂವಿನವನೂ ಹೆದರಿ ಒಂದು ಮೊಳ ಹೆಚ್ಚು ಕೊಡುತ್ತಿದ್ದ. ಗುಡಿಯ ಪೂಜೆ ನೋಡಿಕೊಳ್ಳುತ್ತಿದ್ದ ಗಂಡ ತೀರಿಕೊಂಡ ಮೇಲೆ ಮಗ ಅನಂತನ ಓದು, ಮಗಳು ನರ್ಮದೆಯ ಮದುವೆ ಎಲ್ಲವನ್ನೂ ಆಕೆ ಆ ದನಿಯ ಬಲದಿಂದಲೇ ದಾಟಿಸಿದಳು. ಅಂಥ ಹೆಂಗಸು ಒಂದೇ ಒಂದು ಮಾತನ್ನು ನುಂಗಿಕೊಂಡಿದ್ದಳು.

ಆಕೆಯ ಎದೆ ಆಗಾಗ ತಪ್ಪಿ ಬಡಿಯುತ್ತಿತ್ತು. ನಡುವೆ ಒಂದು ಬಡಿತ ಇಲ್ಲವಾಗಿ, ಆಮೇಲೆ ಧಡ್ ಎಂದು ಗುದ್ದುತ್ತಿತ್ತು. ಡಾಕ್ಟರು ಪರೀಕ್ಷಿಸಿ, ಹೆದರುವಂಥದ್ದೇನೂ ಇಲ್ಲ ಎಂದಿದ್ದರು. ಸಾಯುವವರಿಗೆ ಡಾಕ್ಟರು ನಿಜ ಹೇಳುತ್ತಾರೆಯೇ ಎಂಬುದು ಕಮಲಾಬಾಯಿಯ ತರ್ಕ. ಗಂಡನೂ ಎದೆ ಹಿಡಿದುಕೊಂಡೇ ಹೋದವರು. ತನ್ನ ಪಾಳಿ ಬಂತು ಎಂದು ತೀರ್ಮಾನಿಸಿಬಿಟ್ಟಳು.

ಅದೇ ಹೊತ್ತಿಗೆ ಲಕ್ಷ್ಮೇಶ್ವರದಲ್ಲಿ ನರ್ಮದೆ ಚೊಚ್ಚಲ ಬಸುರಿ. ಕುಬಸದ ಶಾಸ್ತ್ರ ಮುಗಿದಿತ್ತು, ಬಾಣಂತನಕ್ಕೆ ತವರಿಗೆ ಕರೆತರಬೇಕು. ಆದರೆ ತುಂಬಿದ ಬಸುರಿಯ ಕಣ್ಣೆದುರು ತಾನು ಸತ್ತುಬಿದ್ದರೆ? ತೊಟ್ಟಿಲು ಕಟ್ಟುವ ಮನೆಯಿಂದ ಹೆಣ ಹೊರಡುವುದೇ? ಆಕೆ ಒಂದೊಂದೇ ನೆಪ ತೆಗೆದಳು. ಮನೆಗೆ ಸುಣ್ಣ ಹಚ್ಚಬೇಕೆಂದಳು, ಶುಕ್ರ ಎದುರಿಗಿದ್ದಾನೆಂದಳು. ಕೊನೆಗೆ, “ರಾಜ್ಯ ಒಂದಾಗಲಿ, ಆಮ್ಯಾಲೆ ಕರಕೊಂಡು ಬಂದ್ರಾತು,” ಎಂದಳು. ಮಗಳ ಹೆರಿಗೆಗೂ ಕರ್ನಾಟಕದ ಏಕೀಕರಣಕ್ಕೂ ಏನು ಸಂಬಂಧವೋ ದೇವರೇ ಬಲ್ಲ. ನವೆಂಬರ್ ಒಂದಕ್ಕೆ ರಾಜ್ಯ ಒಂದಾಯಿತು, ಊರೆಲ್ಲ ಪೇಢೆ ಹಂಚಿದರು, ಕಮಲಾಬಾಯಿಯ ನೆಪಗಳು ತೀರಿದವು. ಅವ್ವನಿಗೆ ತಾನು ಬೇಡವಾದೆನೆಂದು ನರ್ಮದೆ ಅತ್ತಳೆಂಬ ಸುದ್ದಿಯೂ ಬಂತು. ಆದರೂ ಕಮಲಾಬಾಯಿ ನಿಜ ಬಾಯಿಬಿಡಲಿಲ್ಲ.

ಮುಂದಿನ ರವಿವಾರ ಮುಂಜಾನೆ ನೆರೆಯವರು ಬೆಂಕಿಯಂಥ ಸುದ್ದಿ ತಂದರು. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ಮಗ ಅನಂತ, ಹಿಂದಿನ ಓಣಿಯ ಸುಗ್ರಾಬಿಯ ಅಂಗಳದಲ್ಲಿ ಕೂತು ತತ್ತಿ ಒಡೆಯುತ್ತಿದ್ದಾನಂತೆ! ಕಮಲಾಬಾಯಿ ಸೆರಗು ಬಿಗಿದು ಹೊರಟಳು.

“ಅನಂತಾ! ನಿಮ್ಮಪ್ಪ ದೇವರಿಗೆ ನೈವೇದ್ಯ ಹಿಡಿದವರು. ನೀ ಇಲ್ಲಿ ತತ್ತಿ ತಿನ್ನಲಿಕ್ಕೆ ಬಂದೀಯೇನೋ?”

ಕೋಳಿ ಸಾಕುವ ಸುಗ್ರಾಬಿಗೆ ನಗು ತಡೆಯಲಿಲ್ಲ. “ತಿನ್ನಾಕಲ್ರೀ ಬಾಯಾರ, ನೋಡಾಕ! ಕೋಳಿ ಕಾಲಾಗ ಸಿಕ್ಕು ಬಿರಿದ ತತ್ತಿ ಐತ್ರಿ. ಕಾವಿಗೆ ಕೂತು ಮೂರು ದಿನ ಆಗಿತ್ತು.”

ಹುಡುಗರಿಗೆ ಹೃದಯದ ಪಾಠ ಹೇಳುವ ಮೊದಲು ತಾನೇ ಕಣ್ಣಾರೆ ನೋಡಬೇಕೆಂದು ಅನಂತ ಅದನ್ನು ಬೆಚ್ಚಗಿನ ಉಪ್ಪುನೀರಿನ ಬಟ್ಟಲಿಗೆ ಒಡೆದು ಹಾಕಿದ್ದ. ಭೂತಗನ್ನಡಿಯನ್ನು ಅವ್ವನ ಕೈಗಿತ್ತ. ಬೈಯಲೆಂದೇ ಬಗ್ಗಿದ ಕಮಲಾಬಾಯಿ ಬೈಗಳನ್ನೇ ಮರೆತಳು. ಹಳದಿಯ ಮೇಲೆ ಸಾಸಿವೆಯಷ್ಟು ಕೆಂಪು ಚುಕ್ಕೆಯೊಂದು ಮಿಡಿಯುತ್ತಿತ್ತು.

“ಇನ್ನೂ ಮರೀನ ಆಗಿಲ್ಲ. ಇದಕ್ಕ ಬಡಿ ಅಂತ ಯಾರು ಹೇಳ್ತಾರೋ?”

“ಹೊರಗಿನವರು ಯಾರೂ ಹೇಳೂದಿಲ್ಲವ್ವಾ. ನರಾನೂ ಇನ್ನೂ ಅಲ್ಲೀತನಕ ಮುಟ್ಟಿಲ್ಲ. ಸಣ್ಣ ಸಣ್ಣ ಕೋಶ ಒಂದಕ್ಕೊಂದು ಹತ್ತಿಕೊಂಡಿರ್ತಾವ. ಒಂದು ಕಡೆಯವು ಮೊದಲು ಮಿಡದು ಬಾಜೂದವಕ್ಕ ಖಬರ ಕೊಡ್ತಾವ, ಅವು ಮುಂದಿನವಕ್ಕ. ಖಬರ ಅಂದ್ರ ಮಾತಲ್ಲ, ಸಣ್ಣದೊಂದು ವಿದ್ಯುತ್ತು. ಹಂಗ ಎಲ್ಲಾ ಕೂಡಿ ಬಡೀತಾವ.”

ಅಷ್ಟರಲ್ಲಿ ಬಟ್ಟಲಿನ ನೀರು ತಣ್ಣಗಾಯಿತು. ಚುಕ್ಕೆ ನಿಧಾನವಾಯಿತು, ನಿಂತೇಬಿಟ್ಟಿತು. ಕಮಲಾಬಾಯಿ ಮಗನ ರಟ್ಟೆ ಹಿಡಿದು ಚೀರಿದಳು: “ನಿಂತುಬಿಡ್ತಲ್ಲೋ! ನಂದೂ ಹಿಂಗ ನಿಲ್ತದ!”

ಸುಗ್ರಾಬಿ ಬಟ್ಟಲಿನ ಅಂಚಿಗೆ ಬೆಚ್ಚಗಿನ ನೀರು ಸುರಿದಳು. ಚುಕ್ಕೆ ಒಮ್ಮೆ ನಡುಗಿ ಮತ್ತೆ ಬಡಿಯತೊಡಗಿತು. ಆದರೆ ಅನಂತ ಅದನ್ನು ನೋಡುತ್ತಿರಲಿಲ್ಲ. ಅವ್ವನ ಮುಖ ನೋಡುತ್ತಿದ್ದ. ಇಷ್ಟು ದಿನ ನುಂಗಿದ್ದನ್ನೆಲ್ಲ, ಡಾಕ್ಟರ ಮಾತನ್ನೂ ಸೇರಿಸಿ, ಆಕೆ ಅಲ್ಲಿಯೇ ಕಕ್ಕಿಬಿಟ್ಟಳು.

“ಡಾಕ್ಟರು ಖರೇನ ಹೇಳ್ಯಾರವ್ವಾ,” ಎಂದ ಅನಂತ. “ಯಾವುದೋ ಒಂದು ಕೋಶ ಪಾಳಿ ಬಿಟ್ಟು ಮೊದಲ ಖಬರ ಕೊಟ್ಟುಬಿಡ್ತದ. ಎಲ್ಲಾ ಗಡಿಬಿಡಿಯೊಳಗ ಅರ್ಧಮರ್ಧ ಬಡದು ಒಂದು ಗಳಿಗಿ ತಡೀತಾವ. ಅಷ್ಟರಾಗ ರಕ್ತ ಹೆಚ್ಚು ತುಂಬಿರ್ತದ, ಮುಂದಿನ ಬಡಿತ ಧಡ್ ಅಂತದ. ಒಳಗ ನಿನ್ನಂಥದ್ದ ಅವಸರದ್ದೊಂದು ಅದ, ಅಷ್ಟ! ಹೊಟ್ಟಿ, ಕರುಳು, ಎಲ್ಲಾ ಕಡೆ ಕೋಶಗಳು ಹಿಂಗ ಖಬರ ಕೊಡ್ತಾವ. ಹೆರಿಗಿ ಬ್ಯಾನಿಯಾಗೂ...” ಎಂದವನು ನಾಚಿ ತಡೆದ.

“ಅದನ್ನ ನಮಗ ಕಲಿಸಬ್ಯಾಡ್ರಿ ಮಾಸ್ತರ!” ಎಂದಳು ಐದು ಹೆತ್ತ ಸುಗ್ರಾಬಿ.

ಕಮಲಾಬಾಯಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ನಗುನಗುತ್ತಲೇ ಬಟ್ಟಲಿನ ಕಡೆ ತಿರುಗಿದಳು. “ನರ್ಮದಾನ ಹೊಟ್ಟ್ಯಾಗೂ ಹಿಂಗ ಒಂದು ಬಡೀತಿರ್ತದಲ್ಲೋ! ಇನ್ನೂ ಕೂತೀಯಲ್ಲ, ಏಳು! ಲಕ್ಷ್ಮೇಶ್ವರದ ಬಸ್ಸು ತಪ್ಪತದ!”

ಮರುದಿನ ಸಂಜೆ ಅಣ್ಣನೊಂದಿಗೆ ಬಂದ ನರ್ಮದೆ ಮುಖ ಊದಿಸಿಕೊಂಡು ಹೊಸ್ತಿಲಲ್ಲೇ ನಿಂತಳು. ಕಮಲಾಬಾಯಿ ಈ ಸಲ ನೆಪ ಹೇಳದೆ ಇದ್ದದ್ದನ್ನು ಇದ್ದಹಾಗೆ ಹೇಳಿದಳು.

“ನೀ ಸಾಯ್ತೀ ಅಂತ ಗೊತ್ತಾಗಿದ್ರ ನಾ ಅವತ್ತ ಓಡಿ ಬರ್ತಿದ್ನಲ್ಲವ್ವಾ,” ಎಂದು ನರ್ಮದೆ ಬಿಕ್ಕಿದಳು. “ಅದಕ್ಕ ಕರೀಬೇಕಿತ್ತು. ನೀ ಅದಕ್ಕನ ಕರೀದ ಬಿಟ್ಟಿ.”

ಓಣಿಗೆಲ್ಲ ಕೇಳಿಸುವ ಆ ದನಿ ಅಂದು ಹೊರಡಲಿಲ್ಲ. ಕಮಲಾಬಾಯಿ ಮಗಳ ಕೈ ಹಿಡಿದು ಒಳಗೆ ಕರೆದುಕೊಂಡಳು.